ಟರ್ಬೊ ಕಾರು: ಇಂಧನ ಒತ್ತಡ ನಿಯಂತ್ರಣ ಮತ್ತು ನಾಕ್ ಪತ್ತೆ

ಟರ್ಬೊ ಇಲ್ಲದೆ ತಯಾರಾದ ಪೆಟ್ರೋಲ್ ಕಾರಿಗೆ ಆಮೇಲೆ ಟರ್ಬೊಚಾರ್ಜರ್ ಕೂರಿಸಿದಾಗ ಎಂಜಿನ್ನನ್ನು ಕಾಯುವ ಎರಡು ಏರ್ಪಾಡುಗಳಿವೆ. ಟರ್ಬೊ ತುಂಬುವ ಹೆಚ್ಚುವರಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ನಿಗೆ ಹಾನಿ ಮಾಡುವ ನಾಕ್ ಶುರುವಾಗಬಹುದು.

ಇಂಧನ ಒತ್ತಡ: ಇಂಧನ ಒತ್ತಡವನ್ನು ಹಿಡಿದಿಡುವ ರೆಗ್ಯುಲೇಟರಿನ ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಡಯಾಫ್ರಾಮ್ ಇರುತ್ತದೆ. ಒತ್ತಡ ಮಿತಿ ಮೀರಿದಾಗ ಅದು ಸರಿದು, ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ಕೊಳವೆ ಡಯಾಫ್ರಾಮಿಗೆ ಬೂಸ್ಟನ್ನು, ಅಂದರೆ ಟರ್ಬೊ ತುಂಬಿದ ಗಾಳಿಯ ಒತ್ತಡವನ್ನು, ಮುಟ್ಟಿಸುತ್ತದೆ. ಬೂಸ್ಟ್ 0.5 ಬಾರ್ ಏರಿದರೆ 3 ಬಾರ್ ಇದ್ದ ಇಂಧನ ಒತ್ತಡ 3.5 ಬಾರ್ ಆಗುತ್ತದೆ. ಕೆಲವು ಕಿಟ್‌ಗಳ ರೆಗ್ಯುಲೇಟರ್ ಬೂಸ್ಟಿನ ಹಲವು ಪಟ್ಟು ಒತ್ತಡ ಏರಿಸುತ್ತದೆ. ಇದಕ್ಕೆ ಮಿತಿಯಿದೆ: ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ ಎರಡರಷ್ಟು ಪೆಟ್ರೋಲಿಗೆ ನಾಲ್ಕರಷ್ಟು ಒತ್ತಡ ಬೇಕು, ಅಷ್ಟರಲ್ಲಿ ಪಂಪ್ ಸೋಲುತ್ತದೆ. ದೊಡ್ಡ ಇಂಜೆಕ್ಟರ್ ಹಾಕಿ ಎಂಜಿನ್ ನಿಯಂತ್ರಕ ಗಣಕವನ್ನು (ಇಸಿಯು) ಮರುಹೊಂದಿಸುವುದೇ ಭದ್ರ ದಾರಿ.

ನಾಕ್ ಪತ್ತೆ: ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಅಂಚಿನ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದೇ ನಾಕ್. ಕಿವಿಗೆ ಅದು ಟಣಟಣ ಸದ್ದು. ಮುಂದುವರಿದರೆ ಪಿಸ್ಟನ್ ಒಡೆಯಬಹುದು. ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಪೀಜೋ ಸಂವೇದಕ ಈ ಕಂಪನವನ್ನು ವಿದ್ಯುತ್ ಸಂಕೇತವಾಗಿಸುತ್ತದೆ. 86 ಮಿ.ಮೀ. ಬೋರಿನ ಸಿಲಿಂಡರಿನಲ್ಲಿ ಇದರ ಆವರ್ತನ ಸುಮಾರು 6.7 ಕಿಲೋಹರ್ಟ್ಸ್. ಸಂಕೇತ ಸಿಕ್ಕೊಡನೆ ಇಸಿಯು ಕಿಡಿಯನ್ನು ತಡಮಾಡುತ್ತದೆ. ಸ್ವೀಡನ್ನಿನ ಸಾಬ್ ಕಂಪನಿಯ ಎಪಿಸಿ ವ್ಯವಸ್ಥೆ 1980ರ ದಶಕದಲ್ಲಿ ನಾಕ್ ಕೇಳಿ ಬೂಸ್ಟನ್ನೇ ಇಳಿಸುತ್ತಿತ್ತು. ಮಾರ್ಪಡಿಸಿದ ಎಂಜಿನ್‌ನಲ್ಲಿ ಫೋರ್ಜ್ಡ್ ಪಿಸ್ಟನ್ನಿನ ಕಟಕಟ ಸದ್ದನ್ನೂ ಸಂವೇದಕ ನಾಕ್ ಎಂದು ಭ್ರಮಿಸಬಹುದು. ಆದ್ದರಿಂದ ದಹನದ ಹೊತ್ತಿನಲ್ಲಷ್ಟೇ ಆಲಿಸುವಂತೆ ಅದನ್ನು ಹೊಂದಿಸುತ್ತಾರೆ.