ಉದುರುವ ಕೊಂಬು, ಉದುರದ ಕೊಂಬು: ಜಿಂಕೆಯ ತಲೆಯ ಮೇಲಿರುವುದು ಏನು?

ಶ್ರವಣಬೆಳಗೊಳದ ಮಗ್ಗುಲಲ್ಲೇ ಇರುವ ಜಿನನಾಥಪುರದಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿ ಇದೆ. ಹದಿನಾರನೆಯ ತೀರ್ಥಂಕರರಾದ ಶಾಂತಿನಾಥರ ಲಾಂಛನ ಜಿಂಕೆ. ಆದರೆ ಯಾವ ಜಿಂಕೆ? ಕನ್ನಡದಲ್ಲಿ ಬಂಡೀಪುರದ ಚುಕ್ಕೆಯ ಪ್ರಾಣಿಯೂ ಜಿಂಕೆಯೇ, ಬಯಲಿನಲ್ಲಿ ಚಿಮ್ಮುತ್ತ ಓಡುವ ಕೃಷ್ಣಮೃಗವೂ ಜಿಂಕೆಯೇ. ಹಾಸನದ ಸೆರಗಿಗೇ ಇರುವ ತುಮಕೂರು ಜಿಲ್ಲೆಯಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿಗೆ ಹೋಗಿ ಬಂದವರೂ ‘ಜಿಂಕೆ ನೋಡಿ ಬಂದೆವು’ ಎಂದೇ ಹೇಳುತ್ತಾರೆ.

ಜೀವವಿಜ್ಞಾನದ ಪ್ರಕಾರ ಇವೆರಡೂ ಬೇರೆ ಬೇರೆ ಕುಟುಂಬದವು. ಚುಕ್ಕೆ ಜಿಂಕೆ, ಕಡವೆ ಮತ್ತು ಕಾಡುಕುರಿ ನಿಜವಾದ ಜಿಂಕೆಗಳು. ಕೃಷ್ಣಮೃಗ ಮತ್ತು ಕೊಂಡುಕುರಿ ದನ, ಆಡು, ಕುರಿಗಳ ದಾಯಾದಿಗಳು. ಹೆಸರಿನಲ್ಲಿ ‘ಕುರಿ’ ಇದ್ದೂ ಕಾಡುಕುರಿ ಕುರಿಯ ನೆಂಟನಲ್ಲ, ಕೊಂಡುಕುರಿ ಹೌದು. ಹೆಸರು ನಂಬಿ ಕೂರುವ ಹಾಗಿಲ್ಲ, ಕೊಂಬು ನೋಡಬೇಕು. ಕೊಂಬು ನೋಡಲು ಕಲಿತರೆ ಒಂದು ಹಳೆಯ ನಂಬಿಕೆಯನ್ನೂ ಪರೀಕ್ಷಿಸಬಹುದು: ‘ಜಿಂಕೆ ಕೊಂಬು ತಾನಾಗಿಯೇ ಉದುರುತ್ತದೆ, ಅದರಲ್ಲಿ ಹಿಂಸೆ ಇಲ್ಲ. ಮನೆಗೆ ತಂದಿಟ್ಟುಕೊಂಡರೆ ತಪ್ಪೇನು? ತೇಯ್ದು ಹಚ್ಚಿದರೆ ಎದೆನೋವೂ ಹೋಗುತ್ತದೆ.’

ಎತ್ತಿನ ಕೊಂಬನ್ನು ನೆನೆಸಿಕೊಳ್ಳಿ. ಒಳಗೆ ಮೂಳೆಯ ತಿರುಳು, ಹೊರಗೆ ನಮ್ಮ ಉಗುರಿನಂಥದೇ ವಸ್ತುವಿನ ಒರೆ. ಅದು ಬುಡದಿಂದ ಬೆಳೆಯುತ್ತ ಹೋಗುತ್ತದೆ, ಉದುರುವುದಿಲ್ಲ. ಗಂಡು ಕೃಷ್ಣಮೃಗದ ಸುರುಳಿ ಕೊಂಬೂ ಇದೇ ಜಾತಿಯದು. ಆದ್ದರಿಂದ ಗೋಡೆಯ ಮೇಲೆ ಕೃಷ್ಣಮೃಗದ ಕೊಂಬಿನ ಜೋಡಿ ಕಂಡರೆ ‘ತಾನಾಗಿ ಉದುರಿದ್ದು’ ಎಂಬ ಮಾತು ನಿಲ್ಲುವುದಿಲ್ಲ. ಆ ಪ್ರಾಣಿ ಸತ್ತಿದೆ ಅಥವಾ ಅದನ್ನು ಕೊಂದಿದ್ದಾರೆ.

ಚುಕ್ಕೆ ಜಿಂಕೆಯ ಕವಲುಕೊಂಬಿನ ಕಥೆಯೇ ಬೇರೆ. ಅದು ಪೂರ್ತಿ ಮೂಳೆ. ಗಂಡಿನ ಬುರುಡೆಯ ಮೇಲಿರುವ ಎರಡು ಗಿಡ್ಡ ಮೂಳೆಮೊಟಕುಗಳಿಂದ ಅದು ಮೊಳೆಯುತ್ತದೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಚರ್ಮ ಇರುತ್ತದೆ. ಅದರೊಳಗೆ ರಕ್ತನಾಳಗಳೂ ನರಗಳೂ ಇರುವುದರಿಂದ ಮುಟ್ಟಿದರೆ ಬೆಚ್ಚಗಿರುತ್ತದೆ, ಗಾಯವಾದರೆ ರಕ್ತ ಬರುತ್ತದೆ. ಸಸ್ತನಿಗಳಲ್ಲಿ ಇಷ್ಟು ಬೇಗ ಬೆಳೆಯುವ ಮೂಳೆ ಬೇರೊಂದಿಲ್ಲ, ದೊಡ್ಡ ಜಾತಿಯ ಜಿಂಕೆಗಳಲ್ಲಿ ದಿನಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆಯುವುದುಂಟು. ಟೆಸ್ಟೋಸ್ಟೆರಾನ್ ಏರಿದಾಗ ಕೊಂಬು ಗಟ್ಟಿಯಾಗುತ್ತದೆ, ಚರ್ಮ ಒಣಗುತ್ತದೆ, ಗಂಡು ಅದನ್ನು ಮರಕ್ಕೆ ಉಜ್ಜಿ ಕಿತ್ತುಹಾಕುತ್ತದೆ. ಈಗ ತಲೆಯ ಮೇಲಿರುವುದು ಕಾಳಗಕ್ಕೆ ಸಿದ್ಧವಾದ ಬರಿ ಮೂಳೆ. ಬೆದೆಯ ಕಾಲ ಮುಗಿದು ಹಾರ್ಮೋನು ಇಳಿದಾಗ ಮೂಳೆ ಕರಗಿಸುವ ಕೋಶಗಳು ಬುಡವನ್ನು ತಿಂದುಹಾಕುತ್ತವೆ. ಒಂದು ದಿನ ಕೊಂಬು ಕಳಚಿ ಬೀಳುತ್ತದೆ. ಗಾಯ ಮಾಯ್ದ ಮೇಲೆ ಅದೇ ಜಾಗದಿಂದ ಹೊಸದು ಹೊರಡುತ್ತದೆ. ಹೆಣ್ಣಿಗೆ ಈ ತಾಪತ್ರಯವಿಲ್ಲ. ಹಿಮಸಾರಂಗವೊಂದರಲ್ಲಿ ಮಾತ್ರ ಹೆಣ್ಣಿಗೂ ಕವಲುಕೊಂಬು ಬರುತ್ತದೆ.

ಇಷ್ಟೊಂದು ಮೂಳೆಗೆ ಬೇಕಾದ ಕ್ಯಾಲ್ಸಿಯಂ, ರಂಜಕ ಎಲ್ಲಿಂದ ಬರಬೇಕು? ಮೇವಿನಿಂದ ಬರುವುದು ಸಾಲದೆ ಹೋದಾಗ ಪ್ರಾಣಿ ತನ್ನ ಪಕ್ಕೆಲುಬಿನಿಂದಲೇ ಸಾಲ ತೆಗೆಯುತ್ತದೆ. ಕೊಂಬು ಬೆಳೆಯುವ ತಿಂಗಳುಗಳಲ್ಲಿ ಪಕ್ಕೆಲುಬು ಟೊಳ್ಳಾಗುತ್ತದೆ, ಆಮೇಲೆ ತುಂಬಿಕೊಳ್ಳುತ್ತದೆ. ಮುದುಕರಲ್ಲಿ ಕಾಣುವ ಮೂಳೆಸವೆತ ಜಿಂಕೆಗೆ ಪ್ರತಿ ಸುತ್ತಿನಲ್ಲೂ ಬಂದು ವಾಸಿಯಾಗುತ್ತದೆ ಎನ್ನಬಹುದು. ಮೂಳೆವೈದ್ಯರಿಗೆ ಜಿಂಕೆಯ ಮೇಲೆ ಕುತೂಹಲ ಹುಟ್ಟಿರುವುದು ಸುಮ್ಮನೆ ಅಲ್ಲ.

ಕೊಂಬು ಯಾವ ತಿಂಗಳಲ್ಲಿ ಉದುರುತ್ತದೆ? ಚಳಿದೇಶಗಳಲ್ಲಿ ಉತ್ತರ ಸುಲಭ. ಅಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಅಜಗಜಾಂತರ, ಹಗಲಿನ ಉದ್ದವೇ ದೇಹಕ್ಕೆ ಪಂಚಾಂಗ. ಗಂಡುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಕೊಂಬು ಕಳಚುತ್ತವೆ. ಹಾಸನದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ. ನಮ್ಮ ಚುಕ್ಕೆ ಜಿಂಕೆಗಳಲ್ಲಿ ಒಂದೊಂದು ಗಂಡಿಗೂ ಅದರದೇ ಲೆಕ್ಕ. ಒಂದೇ ಹಿಂಡಿನಲ್ಲಿ ಒಂದಕ್ಕೆ ಗಟ್ಟಿ ಕೊಂಬು, ಇನ್ನೊಂದಕ್ಕೆ ಮಖಮಲ್ಲು, ಮತ್ತೊಂದಕ್ಕೆ ಬೋಳುತಲೆ. ಕಳೆದ ಶತಮಾನದ 1930ರ ದಶಕದಲ್ಲಿ ಇವನ್ನು ಅಮೆರಿಕದ ಟೆಕ್ಸಾಸಿಗೆ ಒಯ್ದರು. ಅಲ್ಲಿ ಇಂದಿಗೂ ವರ್ಷದ ಯಾವ ತಿಂಗಳಲ್ಲಾದರೂ ಗಟ್ಟಿ ಕೊಂಬಿನ ಗಂಡು ಸಿಗುತ್ತದೆ. ಊರು ಬದಲಾದರೂ ಪಂಚಾಂಗ ಬದಲಾಗಲಿಲ್ಲ.

ಇದಕ್ಕೆ ತಿರುಗುಮುರುಗಿನ ಕಥೆ ದಕ್ಷಿಣ ಅಮೆರಿಕದ್ದು. ಜಿಂಕೆಗಳ ತವರು ಯುರೇಷ್ಯಾ. ಬಹಳ ಹಿಂದೆ ಸೈಬೀರಿಯಾ ಮತ್ತು ಅಲಾಸ್ಕಾಗಳ ನಡುವೆ ನೆಲ ತೇಲಿದ್ದಾಗ ಕೆಲವು ಉತ್ತರ ಅಮೆರಿಕಕ್ಕೆ ದಾಟಿದವು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾ ಭೂಸಂಧಿ ಕೂಡಿಕೊಂಡ ಮೇಲೆ ಅವುಗಳ ಸಂತತಿ ದಕ್ಷಿಣಕ್ಕೂ ಇಳಿಯಿತು. ಅಮೆಜಾನ್ ಕಾಡಿನ ಬ್ರಾಕೆಟ್ ಜಿಂಕೆ ಆ ವಂಶದ್ದು. ಚಳಿಸೀಮೆ ದಾಟಿ ಬಂದವರ ಮೊಮ್ಮಗನಾದರೂ ಇದು ವರ್ಷವಿಡೀ ಮರಿ ಹಾಕುತ್ತದೆ, ಕೊಂಬು ಉದುರಿಸಲು ಇಂಥದೇ ಋತು ಎಂದಿಲ್ಲ. ಪೊದೆಯಲ್ಲಿ ನುಸುಳಿ ಬದುಕುವ ಈ ಪುಟ್ಟ ಪ್ರಾಣಿಗೆ ಕವಲಿಲ್ಲದ ಮೊಳೆಯಂಥ ಗಿಡ್ಡ ಕೊಂಬು. ನಮ್ಮ ಕಾಡುಕುರಿಯೂ ಮೈಕಟ್ಟಿನಲ್ಲಿ ಹೀಗೆಯೇ. ದಟ್ಟ ಕಾಡು ಇಬ್ಬರನ್ನೂ ಬೇರೆ ಬೇರೆ ಖಂಡಗಳಲ್ಲಿ ಒಂದೇ ಅಚ್ಚಿಗೆ ತಂದಿದೆ.

ಇನ್ನು ಔಷಧಿಯ ಮಾತು. ಆಯುರ್ವೇದದಲ್ಲಿ ಶೃಂಗಭಸ್ಮ ಎಂಬುದಿದೆ, ಕೆಮ್ಮಿಗೂ ಎದೆನೋವಿಗೂ ಅದನ್ನು ಹೇಳುವುದುಂಟು. ಮೂಳೆಯನ್ನು ಸುಟ್ಟಾಗ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಮುಚ್ಚಿಹೋದ ಹೃದಯದ ರಕ್ತನಾಳವನ್ನು ಅದು ತೆರೆಯಲಾರದು, ಕೊಂಬನ್ನು ತೇಯ್ದು ಎದೆಗೆ ಹಚ್ಚಿದ ಗಂಧವಂತೂ ಚರ್ಮ ದಾಟಿ ಒಳಗೆ ಹೋಗುವುದೇ ಇಲ್ಲ. ಅಪಾಯ ಇರುವುದು ಭಸ್ಮಕ್ಕಿಂತ ಹೆಚ್ಚಾಗಿ ಕಳೆದುಹೋಗುವ ಹೊತ್ತಿನಲ್ಲಿ. ಎದೆ ಹಿಂಡಿದಂತಾಗಿ, ಬೆವತು, ನೋವು ಎಡತೋಳಿಗೋ ದವಡೆಗೋ ಹರಿದರೆ ತೇಯುತ್ತ ಕೂರದೆ 108ಕ್ಕೆ ಕರೆ ಮಾಡಿ. ಹೃದಯಾಘಾತದಲ್ಲಿ ಮೊದಲ ಒಂದೆರಡು ಗಂಟೆಯಲ್ಲಿ ಸಿಗುವ ಚಿಕಿತ್ಸೆಗೆ ಬೆಲೆ ಕಟ್ಟಲಾಗದು.

ಹಾಗಾದರೆ ಹಿಂಸೆಯಿಲ್ಲದೆ ಉದುರಿದ ಕೊಂಬನ್ನು ಅಲಂಕಾರಕ್ಕಾದರೂ ತರಬಹುದೇ? ಕಾಡಿನಲ್ಲಿ ಅದು ಕಸವಲ್ಲ. ಮುಳ್ಳುಹಂದಿ, ಇಲಿ, ಸ್ವತಃ ಜಿಂಕೆಗಳೂ ಖನಿಜಕ್ಕಾಗಿ ಅದನ್ನು ಕಡಿಯುತ್ತವೆ. ಇನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕವಲುಕೊಂಬನ್ನೂ ವನ್ಯಜೀವಿಯ ಸ್ಮಾರಕವಸ್ತುಗಳ ಪಟ್ಟಿಗೆ ಸೇರಿಸಿದೆ, ಅದು ಸರ್ಕಾರದ ಸ್ವತ್ತು. 2023ರಲ್ಲಿ ಹುಲಿಯುಗುರಿನ ಪದಕದ ಪ್ರಕರಣಗಳು ಸುದ್ದಿಯಾದಾಗ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಕೊಂಬಿನ ನೆನಪೂ ಬಂತು. ತಾನಾಗಿ ಉದುರಿದ ಕೊಂಬಿನ ಬುಡ ಒರಟು ಉಂಗುರದಲ್ಲಿ ಮುಗಿಯುತ್ತದೆ. ಸತ್ತ ಪ್ರಾಣಿಯಿಂದ ಕಡಿದದ್ದಕ್ಕೆ ಉಂಗುರದ ಕೆಳಗೆ ಬುರುಡೆಯ ಚೂರು ಅಂಟಿರುತ್ತದೆ. ತನಿಖೆ ಮಾಡುವವರಿಗೆ ಇದು ಮುಖ್ಯ ಸುಳಿವು. ಇಟ್ಟುಕೊಳ್ಳುವ ವಿಷಯದಲ್ಲಿ ಮಾತ್ರ ಕಾಯ್ದೆ ಉದುರಿದ್ದು, ಕಡಿದದ್ದು ಎಂದು ಭೇದ ಮಾಡುವುದಿಲ್ಲ. ಹೊಲದ ಬದುವಿನಲ್ಲಿ ಇಂಥದ್ದು ಸಿಕ್ಕಿ ನಿಮ್ಮ ಕೈಸೇರಿದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು.