ಏಣು ಬಟ್ಟಲಿನ ಗುಟ್ಟು

ದುಬೈ, ಶಾರ್ಜಾದಿಂದ ರಾಸ್ ಅಲ್ ಖೈಮಾ ಕಡೆಗೆ ಓಡಾಡುವ ನಮ್ಮವರು ಉಮ್ಮ್ ಅಲ್ ಕುವೈನ್‌ನ ಅದ್-ದೂರ್ ಎಂಬ ಮರಳು ದಿಬ್ಬಗಳನ್ನು ಎಷ್ಟೋ ಸಲ ದಾಟಿರುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲೊಂದು ದೊಡ್ಡ ಊರಿತ್ತು. 1980ರ ದಶಕದ ಕೊನೆಗೆ ಬೆಲ್ಜಿಯಂ, ಬ್ರಿಟನ್, ಫ್ರಾನ್ಸ್, ಡೆನ್ಮಾರ್ಕ್ ತಂಡಗಳು ಅಗೆದಾಗ ಸೂರ್ಯದೇವನ ಗುಡಿ, ಗೋರಿಗಳು, ಜೊತೆಗೆ ರೋಮನ್ ಕಾಲದ ಗಾಜಿನ ಪಾತ್ರೆಗಳೂ ಸಿಕ್ಕವು. ಅವುಗಳಲ್ಲಿ ಒಂದು ಬಗೆಯ ಬಟ್ಟಲಿಗೆ ಹೊರಮೈ ಸುತ್ತ ಸಿಹಿಗುಂಬಳಕ್ಕಿರುವಂತೆ ಏಣುಗಳಿವೆ. 1945ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿಯೂ ಇದೇ ಬಟ್ಟಲಿನ ಚೂರುಗಳು ದೊರೆತಿವೆ. ಮೆಡಿಟರೇನಿಯನ್ ಕರಾವಳಿಯ ಸರಕು, ನಾವು ಇಂದು ದುಡಿಯುತ್ತಿರುವ ಈ ತೀರಕ್ಕೂ ನಮ್ಮ ದೇಶಕ್ಕೂ ಹಡಗೇರಿ ಬಂದಿತ್ತು.

ಈ ಬಟ್ಟಲನ್ನು ಮಾಡಿದ್ದು ಹೇಗೆ? ಮಾಡಿದವರು ಬರೆದಿಡಲಿಲ್ಲ. ಅಚ್ಚಿಗೆ ಕರಗಿದ ಗಾಜು ಸುರಿದು ಎರಕ ಹೊಯ್ದರು ಎಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಬಿದ್ದ ಹೆಸರಲ್ಲಿಯೂ ಅಚ್ಚು ಎಂಬ ಮಾತೇ ಇದೆ. ಆದರೆ ಬಟ್ಟಲು ಬೇರೆಯೇ ಸಾಕ್ಷಿ ಹೇಳುತ್ತದೆ. ಹೊರಮೈ ಬೆಂಕಿಯಿಂದ ಈಗಷ್ಟೇ ಬಂದಂತೆ ನಯವಾಗಿ ಹೊಳೆಯುತ್ತದೆ. ಒಳಮೈಯಲ್ಲಿ ಮಾತ್ರ ಸುತ್ತಲೂ ಉಜ್ಜಿದ ಗೆರೆಗಳು. ಏಣುಗಳ ನಡುವಿನ ಅಂತರವೂ ಒಂದೇ ಸಮ ಇಲ್ಲ. ಅಚ್ಚಿಗೆ ತಾಗಿದ್ದು ಒಳಮೈ, ಹೊರಮೈಯಲ್ಲ!

ಈ ಸುಳಿವು ಹಿಡಿದು ಒಲೆ ಹೊತ್ತಿಸಿ ನೋಡಿದವರು ಕುಶಲಕರ್ಮಿಗಳು. ಅಮೆರಿಕದ ವಿಲಿಯಂ ಗುಡೆನ್ರಾತ್, ಇಂಗ್ಲೆಂಡಿನ ಮಾರ್ಕ್ ಟೇಲರ್ ಮತ್ತು ಡೇವಿಡ್ ಹಿಲ್ ಇವರಲ್ಲಿ ಮುಖ್ಯರು. ಬಿಸಿ ಗಾಜನ್ನು ಬಿಲ್ಲೆಯಂತೆ ಚಪ್ಪಟೆ ಮಾಡಿ, ಮೆತ್ತಗಿರುವಾಗಲೇ ಉಪಕರಣದಿಂದ ಒತ್ತಿ ಏಣು ಎಬ್ಬಿಸಿ, ಬೋರಲು ಹಾಕಿದ ಗುಮ್ಮಟದಂಥ ಅಚ್ಚಿನ ಮೇಲಿಟ್ಟು ಕಾಯಿಸಿದರೆ ಗಾಜು ತನ್ನ ಭಾರಕ್ಕೆ ತಾನೇ ಜೋಲಿ ಇಳಿಯುತ್ತದೆ. ಬಿಸಿ ರೊಟ್ಟಿಯನ್ನು ಬೋರಲು ಬಟ್ಟಲ ಮೇಲೆ ಹಾಕಿದ ಹಾಗೆ. ಅಚ್ಚಿಗೆ ಅಂಟಿ ಒರಟಾದ ಒಳಮೈಯನ್ನು ಆಮೇಲೆ ಉಜ್ಜಬೇಕು. ಹಳೆಯ ಬಟ್ಟಲಿನ ಗೆರೆಗಳಿಗೂ ಇದಕ್ಕೂ ಸರಿಹೊಂದುತ್ತದೆ. ಬೇರೆ ವಾದಗಳೂ ಇವೆ. ನನಗೆ ಇದೇ ಹೆಚ್ಚು ಒಪ್ಪಿಗೆ.

ಇಂದು ಗಾಜಿನ ಕಲೆ ಕಲಿಯುವ ವಿದ್ಯಾರ್ಥಿಗಳೂ ಮೊದಮೊದಲು ಮಾಡುವುದು ಇಂಥ ಬಟ್ಟಲನ್ನೇ. ಕರೆಂಟಿನ ಆವಿಗೆಯಲ್ಲಿ ಗಾಜು ಸುಮಾರು 650ರಿಂದ 700 ಡಿಗ್ರಿ ಸೆಲ್ಸಿಯಸ್‌ಗೆ ಬಾಗತೊಡಗುತ್ತದೆ. ಅಚ್ಚಿಗೆ ಲೇಪ ಬಳಿಯದಿದ್ದರೆ ಗಾಜು ಕಚ್ಚಿಕೊಳ್ಳುತ್ತದೆ. ಹಿಗ್ಗುವ ಪ್ರಮಾಣ ಬೇರೆ ಬೇರೆ ಇರುವ ಎರಡು ಗಾಜು ಬೆಸೆದರೆ ಆರುವಾಗ ಬಿರುಕು ಖಂಡಿತ. ಅವಸರಪಟ್ಟು ಬಾಗಿಲು ತೆರೆದರಂತೂ ಟಪ್ ಎಂದು ಸೀಳುತ್ತದೆ. ಗಾಜಿನ ದಪ್ಪ ಎರಡರಷ್ಟಾದರೆ ಆರಿಸುವ ಹೊತ್ತು ಸುಮಾರು ನಾಲ್ಕರಷ್ಟು ಬೇಕು. ಈಗ ಇದನ್ನೆಲ್ಲ ಯಂತ್ರ ನೋಡಿಕೊಳ್ಳುತ್ತದೆ. ಆಗಿನವರಿಗೆ ಇದ್ದದ್ದು ಕಣ್ಣು ಮಾತ್ರ, ಬೆಂಕಿಯ ಮಂಕು ಕೆಂಪನ್ನು ನೋಡಿ ಅಳೆಯಬೇಕು. ಎಷ್ಟು ಬಟ್ಟಲು ಒಡೆದ ಮೇಲೆ ಆ ಕಣ್ಣು ಪಳಗಿತೋ! ಅವರ ಹೆಸರೂ ಉಳಿದಿಲ್ಲ.

ಬರಿ ಪಾತ್ರೆಯಷ್ಟೇ ಅಲ್ಲ, ಕಚ್ಚಾ ಗಾಜೂ ಭಾರತಕ್ಕೆ ಬರುತ್ತಿತ್ತು. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್' ಇಂದಿನ ಭರೂಚ್‌ನಲ್ಲಿಯೂ ಕೇರಳದ ಮುಜಿರಿಸ್‌ನಲ್ಲಿಯೂ ಇಳಿಯುವ ಸರಕಿನ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಅದನ್ನು ಕರಗಿಸಿ ಬೇಕಾದ್ದು ಮಾಡಿಕೊಳ್ಳುವ ಕೈಗಳು ನಮ್ಮಲ್ಲಿ ಇದ್ದವು ಎಂದಾಯಿತು.

ಏಣು ಬಟ್ಟಲಿನ ಆಟ ಹೆಚ್ಚು ಕಾಲ ನಡೆಯಲಿಲ್ಲ. ಕ್ರಿ.ಪೂ. ಒಂದನೇ ಶತಮಾನದಲ್ಲಿ ಸಿರಿಯಾ-ಪ್ಯಾಲೆಸ್ಟೈನ್ ಕಡೆ ಕೊಳವೆಯಿಂದ ಗಾಜು ಊದುವ ವಿದ್ಯೆ ಹುಟ್ಟಿತು. ಗಾಜಿನ ಲೋಟ ತಾಮ್ರದ ಕಾಸಿಗೆ ಸಿಗುತ್ತದೆ ಎಂದು ಸ್ಟ್ರಾಬೊ ಬರೆಯುವಷ್ಟು ಅಗ್ಗವಾಯಿತು. ಒಂದೊಂದನ್ನೂ ಕಾಯಿಸಿ, ಆರಿಸಿ, ಉಜ್ಜುವ ಬಟ್ಟಲು ಆ ಬೆಲೆಗೆ ನಿಲ್ಲಲಾರದೆ ಹೋಯಿತು. ಊದಿದ ಪಾತ್ರೆಗಳೂ ಏಣು ಬಟ್ಟಲುಗಳೂ ಅದ್-ದೂರ್‌ನ ಅದೇ ಮರಳಿನಲ್ಲಿ ಸಿಕ್ಕಿವೆ.