ದೊಡ್ಡ ಪರದೆ, ದಪ್ಪ ಗಾಜು

ಔರಂಗಾಬಾದ್–ಪೈಠಣ ರಸ್ತೆ, 14ನೇ ಕಿಲೋಮೀಟರಿನ ಕಲ್ಲು, ಚಿತೇಗಾವ. ವಿಡಿಯೋಕಾನ್ ಇಂಡಸ್ಟ್ರೀಸ್ ಕಂಪನಿಯ ನೋಂದಾಯಿತ ವಿಳಾಸ ಇಷ್ಟೇ. ದೇಶದ ಲಕ್ಷಾಂತರ ಮನೆಗಳ ನಡುಮನೆಯಲ್ಲಿ ಕೂತಿದ್ದ ಟಿವಿಯ ಮೂಲ ಹುಡುಕಿಕೊಂಡು ಹೋದರೆ ಸಿಗುತ್ತಿದ್ದದ್ದು ಒಂದು ಮೈಲಿಗಲ್ಲು. ಔರಂಗಾಬಾದಿಗೆ 2023ರಿಂದ ಛತ್ರಪತಿ ಸಂಭಾಜಿನಗರ ಎಂಬ ಹೆಸರಿದೆ. ಹಳೆಯ ಕಾಗದಪತ್ರಗಳಲ್ಲಿ ಮಾತ್ರ ಆ ರಸ್ತೆ ಹಳೆಯ ಹೆಸರಿನಲ್ಲೇ ಉಳಿದಿದೆ.

ಇವತ್ತು ದೊಡ್ಡ ಟಿವಿ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ಯಾವುದರಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ ಎಂಬುದು. 2005ರಲ್ಲಿ ಇದೇ ಪ್ರಶ್ನೆ ಚಿತೇಗಾವದ ಕಂಪನಿಯ ಮುಂದೆಯೂ ಬಂತು. ಆದರೆ ಅದು ಒಂದು ಟಿವಿ ಕೊಳ್ಳುವ ಪ್ರಶ್ನೆಯಾಗಿರಲಿಲ್ಲ, ನಾಲ್ಕು ದೇಶಗಳಲ್ಲಿ ಹರಡಿದ್ದ ಕಾರ್ಖಾನೆಗಳನ್ನು ಕೊಳ್ಳುವ ಪ್ರಶ್ನೆಯಾಗಿತ್ತು. ಚಿತ್ರ ಯಾವುದರಲ್ಲಿ ಚೆನ್ನಾಗಿದೆ ಎಂಬುದಕ್ಕೆ ಕಂಪನಿ ಆರಿಸಿದ ಉತ್ತರ ಆಗಿನ ಮಟ್ಟಿಗೆ ತಪ್ಪೇನೂ ಆಗಿರಲಿಲ್ಲ. ಆದರೂ ಸೋತಿತು.

ಕನ್ನಡದ ಓದುಗರಿಗೆ ಈ ಸೀಮೆ ಹೊರಗಿನದಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳುವುದು ಗೋದಾವರಿಯನ್ನು. ನಾಶಿಕ ಮತ್ತು ಪೈಠಣ ಎರಡೂ ಅದೇ ನದಿಯ ದಂಡೆಯ ಊರುಗಳು. ಅಷ್ಟು ಹಿಂದಕ್ಕೆ ಹೋಗುವುದು ಬೇಡವೆಂದರೆ 1956ಕ್ಕೆ ಬರೋಣ: ಆ ವರ್ಷದ ರಾಜ್ಯ ವಿಂಗಡಣೆಯವರೆಗೆ ಔರಂಗಾಬಾದ್, ಕಲಬುರಗಿ, ಬೀದರ್, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಟಿವಿಯ ಕಥೆಯಲ್ಲಿ ಕಲಬುರಗಿಯ ಕಡೆಯವರೇ ಮುಂದಿದ್ದರು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂದಾಗ ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರವೂ ಶುರುವಾಯಿತು. ಬೆಂಗಳೂರಿನವರು ದೂರದರ್ಶನಕ್ಕಾಗಿ 1981ರವರೆಗೆ ಕಾಯಬೇಕಾಯಿತು. ರಾಜಧಾನಿಯವರಿಗೆ ಇದನ್ನು ಆಗಾಗ ನೆನಪಿಸುವುದು ಒಳ್ಳೆಯದು.

1982ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ, ದೇಶಕ್ಕೆ ಬಣ್ಣದ ಟಿವಿ ಬಂತು. ಅದರ ಬೆನ್ನಿಗೇ ಆ ದಶಕದ ನಡುಭಾಗದಲ್ಲಿ ನಂದಲಾಲ್ ಧೂತ್ ಮತ್ತು ಅವರ ಮಕ್ಕಳು ಜಪಾನಿನ ತೋಷಿಬಾ ಕಂಪನಿಯ ತಂತ್ರಜ್ಞಾನ ತಂದು ಬಣ್ಣದ ಟಿವಿ ತಯಾರಿಸತೊಡಗಿದರು. ದಕ್ಷಿಣದಲ್ಲಿ ಬೆಂಗಳೂರಿನ ಬಿಪಿಎಲ್, ಮುಂಬೈಯಲ್ಲಿ ಓನಿಡಾ, ಮರಾಠವಾಡದಲ್ಲಿ ವಿಡಿಯೋಕಾನ್: ಆ ಕಾಲದ ಮದುವೆಗಳಲ್ಲಿ ಉಡುಗೊರೆಯ ಪಟ್ಟಿಯಲ್ಲಿ ಈ ಮೂರರಲ್ಲೊಂದು ಹೆಸರು ಇರುತ್ತಿತ್ತು. ಮುಂದೆ ಕಂಪನಿ ಗುಜರಾತಿನ ಭರೂಚ್‌ನಲ್ಲಿ ಪಿಕ್ಚರ್ ಟ್ಯೂಬಿನ ಗಾಜನ್ನೇ ಎರಕ ಹೊಯ್ಯುವ ಕಾರ್ಖಾನೆ ನಡೆಸಿತು. ಟಿವಿಯಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಟ್ಯೂಬು, ಟ್ಯೂಬಿನ ದೇಹವೇ ಗಾಜು. ಗಾಜು ಯಾರ ಕೈಯಲ್ಲಿದೆಯೋ ಲಾಭ ಅವರ ಕೈಯಲ್ಲಿ. ಈ ಲೆಕ್ಕ ಸರಿಯಾಗಿಯೇ ಇತ್ತು. ಯಾವ ಗಾಜು ಎಂಬಲ್ಲಿ ಎಡವಟ್ಟಾಯಿತು.

ಟ್ಯೂಬ್ ಎಂದರೆ ಗಾಳಿಯನ್ನೆಲ್ಲ ಹೀರಿ ತೆಗೆದ ಗಾಜಿನ ಹೂಜಿ. ಅದರ ಸಪೂರ ಕತ್ತಿನೊಳಗೆ ಕೂತ ಎಲೆಕ್ಟ್ರಾನ್ ಗನ್ ಕಿರಣಗಳನ್ನು ಹೊಡೆಯುತ್ತದೆ. ತಾಮ್ರದ ಸುರುಳಿಗಳ ಕಾಂತ ಬಲ ಆ ಕಿರಣಗಳನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓಡಿಸುತ್ತದೆ. ಪರದೆಯ ಒಳಮೈಗೆ ಬಳಿದ ಫಾಸ್ಫರ್ ಕಿರಣ ತಾಗಿದಲ್ಲಿ ಹೊಳೆಯುತ್ತದೆ, ತಾಗದಲ್ಲಿ ಕತ್ತಲು. 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಮಾಡಿದ ಉಪಕರಣವೇ ನೂರು ವರ್ಷ ತಿದ್ದಿಸಿಕೊಂಡು ಮನೆಮನೆಗೆ ಬಂತು. ಗೋಡೆಗೆ ಒರಗದ, ಹಿಂದೆ ಹೊಟ್ಟೆ ಬಿಟ್ಟ ಆ ಡಬ್ಬಾ ಟಿವಿಯಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತಿತ್ತು. ಬೌಲರ್ ಓಡಿ ಬರುವಾಗ ಚೆಂಡಿನ ಹಿಂದೆ ಬಾಲ ಮೂಡುತ್ತಿರಲಿಲ್ಲ. ಬದಿಯಲ್ಲಿ ಕೂತವರಿಗೂ ಬಣ್ಣ ಬದಲಾಗುತ್ತಿರಲಿಲ್ಲ.

ತೊಂದರೆ ಇದ್ದದ್ದು ಆ ಖಾಲಿತನದಲ್ಲಿ. ಹೊರಗಿನ ವಾತಾವರಣ ಪ್ರತಿ ಚದರ ಮೀಟರನ್ನು ಸುಮಾರು 10 ಟನ್ ಭಾರದಿಂದ ಒತ್ತುತ್ತದೆ. ಒಳಗೆ ಅದನ್ನು ತಡೆಯಲು ಗಾಳಿಯಿಲ್ಲ, ಗಾಜೇ ತಡೆಯಬೇಕು. 29 ಇಂಚಿನ ಟ್ಯೂಬಿನ ಮುಖದ ಮೇಲೆ ಹೀಗೆ ಎರಡು ಟನ್ನಿಗೂ ಹೆಚ್ಚು ಒತ್ತಡ ಬೀಳುತ್ತದೆ. ಅದೇ ಲೆಕ್ಕದಲ್ಲಿ 55 ಇಂಚಿನ ಟ್ಯೂಬ್ ಮಾಡಹೊರಟರೆ ಗಾಜು ಎಂಟು ಟನ್ನಿಗಿಂತ ಹೆಚ್ಚು ಹೊರಬೇಕು. ಪರದೆ ಬೆಳೆದಂತೆ ಗಾಜು ದಪ್ಪವಾಗುತ್ತದೆ, ಹೂಜಿಯ ಆಳ ಹೆಚ್ಚುತ್ತದೆ, ನಾಲ್ಕು ಜನ ಎತ್ತಿದರೂ ಮೆಟ್ಟಿಲು ಹತ್ತದು. 29 ಇಂಚಿನ ಟ್ಯೂಬ್ ಟಿವಿಯನ್ನು ಮೂರನೆಯ ಮಹಡಿಗೆ ಹೊತ್ತವರು ಈ ಪಾಠವನ್ನು ಸೊಂಟದಲ್ಲಿ ಕಲಿತಿದ್ದಾರೆ.

ಪ್ರತಿಸ್ಪರ್ಧಿಯ ಬಗೆಯೇ ಬೇರೆ. ಅದನ್ನು ತಿಳಿಯಲು ಸಂಭಾಜಿನಗರದಿಂದ ನಾಶಿಕಕ್ಕೆ ಹೋಗಬೇಕು. ದಾದಾಸಾಹೇಬ್ ಫಾಲ್ಕೆ ಹುಟ್ಟಿದ್ದು ನಾಶಿಕದ ಪಕ್ಕದ ತ್ರ್ಯಂಬಕದಲ್ಲಿ, 1870ರಲ್ಲಿ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡ ಮೇಲೆ ಅವರು ತಮ್ಮ ಸಿನಿಮಾ ಕೆಲಸವನ್ನು ಮುಂಬೈಯಿಂದ ನಾಶಿಕಕ್ಕೆ ಒಯ್ದರು. 1944ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಫಾಲ್ಕೆಯವರ ಕಾಲದ ಪ್ರೊಜೆಕ್ಟರಿನಲ್ಲಿ ದೀಪ ಒಂದೇ, ಅದು ಸದಾ ಉರಿಯುತ್ತಿರುತ್ತದೆ. ಫಿಲ್ಮ್ ಬೆಳಕನ್ನು ಹುಟ್ಟಿಸುವುದಿಲ್ಲ, ಎಲ್ಲಿ ಎಷ್ಟು ಬೇಕೋ ಅಷ್ಟನ್ನು ತಡೆಯುತ್ತದೆ. ಎಲ್‌ಸಿಡಿ ಟಿವಿ ಮಾಡುವುದೂ ಇದನ್ನೇ. ಹಿಂದೆ ಒಂದು ಬೆಳಕು, ಮುಂದೆ ದ್ರವ ಸ್ಫಟಿಕದ ಲಕ್ಷಗಟ್ಟಲೆ ಪುಟ್ಟ ಕಿಟಕಿಗಳು. ವಿದ್ಯುತ್ತು ಕೊಟ್ಟ ಹಾಗೆ ಕಿಟಕಿ ತೆರೆಯುತ್ತದೆ, ಮುಚ್ಚುತ್ತದೆ. ಯಾವ ಕಿಟಕಿಯೂ ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಕಪ್ಪಿನೊಳಗೆ ಬೂದು ಸೋರುತ್ತದೆ. ಸ್ಫಟಿಕ ಹೊರಳಲು ಹೊತ್ತು ಬೇಕಾದ್ದರಿಂದ ಓಡುವ ಚಿತ್ರ ಕಲಸಿದಂತಾಗುತ್ತದೆ. 2005ರ ಎಲ್‌ಸಿಡಿಯನ್ನು ಒಳ್ಳೆಯ ಟ್ಯೂಬಿನ ಪಕ್ಕ ಇಟ್ಟರೆ ಯಾರಿಗೂ ವ್ಯತ್ಯಾಸ ಕಾಣುತ್ತಿತ್ತು. ಬೆಲೆಯಂತೂ ಹಲವು ಪಟ್ಟು.

ಆ ವರ್ಷ ಫ್ರಾನ್ಸಿನ ಥಾಮ್ಸನ್ ತನ್ನ ಪಿಕ್ಚರ್ ಟ್ಯೂಬ್ ವ್ಯವಹಾರವನ್ನು ಮಾರಲು ಇಟ್ಟಿತು. ಪೋಲೆಂಡ್, ಇಟಲಿ, ಮೆಕ್ಸಿಕೋ, ಚೀನಾಗಳಲ್ಲಿ ಕಾರ್ಖಾನೆಗಳು. ವಿಡಿಯೋಕಾನ್ 24 ಕೋಟಿ ಯೂರೋಗಳ ಒಪ್ಪಂದ ಮಾಡಿಕೊಂಡಿತು, ಅಂದಿನ ದರದಲ್ಲಿ 1,200 ಕೋಟಿ ರೂಪಾಯಿಗೂ ಮೇಲೆ. ಮರಾಠವಾಡದ ಕಂಪನಿಯೊಂದು ಯುರೋಪಿನ ಕಾರ್ಖಾನೆ ಕೊಂಡಿತೆಂದು ಪತ್ರಿಕೆಗಳು ಬೀಗಿದವು. ವಾದ ಸರಳವಾಗಿತ್ತು: ಜಗತ್ತಿನಲ್ಲಿ ಮಾರಾಟವಾಗುವ ಟಿವಿಗಳಲ್ಲಿ ಬಹುಪಾಲು ಇನ್ನೂ ಟ್ಯೂಬಿನವು. ಶ್ರೀಮಂತ ದೇಶಗಳು ಚಪ್ಪಟೆ ಪರದೆಗೆ ಹೋದರೂ ಭಾರತ, ಚೀನಾ, ಆಫ್ರಿಕಾಗಳ ಕೋಟ್ಯಂತರ ಮನೆಗಳಿಗೆ ಇನ್ನೂ ಮೊದಲ ಟಿವಿಯೇ ಬಂದಿಲ್ಲ. ಬೇರೆಯವರು ಬಿಟ್ಟು ಹೋದಂತೆ ಉಳಿದವರಿಗೆ ಸಂತೆ ಸಲೀಸು.

ಈ ವಾದವನ್ನು ಮೂರ್ಖತನವೆಂದು ಈಗ ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಭಾರತದ ಮಟ್ಟಿಗೆ ಅದರಲ್ಲಿ ಹುರುಳಿತ್ತು, ಇಲ್ಲಿ ಟ್ಯೂಬ್ ಟಿವಿ ಮುಂದೆ ಹಲವು ವರ್ಷ ಮಾರಾಟವಾಯಿತು. ಆದರೆ ಮಾರುವವನು ಯಾಕೆ ಮಾರುತ್ತಿದ್ದಾನೆ ಎಂಬ ಸಂತೆಯ ಹಳೆಯ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. 2006ರ ಜನವರಿಯಲ್ಲಿ ಟ್ಯೂಬ್ ಲೋಕದ ದೈತ್ಯರಲ್ಲೊಬ್ಬನಾದ ಎಲ್‌ಜಿ ಫಿಲಿಪ್ಸ್ ಡಿಸ್‌ಪ್ಲೇಸ್ ದಿವಾಳಿ ಅರ್ಜಿ ಹಾಕಿತು. 2007ರ ಕೊನೆಯ ಮೂರು ತಿಂಗಳಲ್ಲಿ ಜಗತ್ತಿನ ಎಲ್‌ಸಿಡಿ ಟಿವಿ ಮಾರಾಟ ಮೊದಲ ಬಾರಿಗೆ ಟ್ಯೂಬನ್ನು ದಾಟಿತು. ಒಪ್ಪಂದವಾಗಿ ಎರಡೇ ವರ್ಷ. ಹೊರದೇಶದ ಕಾರ್ಖಾನೆಗಳು ಒಂದೊಂದಾಗಿ ನಿಂತವು. ಇಟಲಿಯ ಅನಾಗ್ನಿಯ ಘಟಕ 2012ರಲ್ಲಿ ದಿವಾಳಿಯಾಯಿತು.

ಚಿತ್ರದ ಗುಣದಲ್ಲಿ ಹಿಂದಿದ್ದ ಎಲ್‌ಸಿಡಿ ಗೆದ್ದದ್ದು ಹೇಗೆ? ಪ್ಲಾಸ್ಮಾ ಟಿವಿಯ ಗತಿ ನೋಡಿದರೆ ಪ್ರಶ್ನೆ ಇನ್ನೂ ಚೂಪಾಗುತ್ತದೆ. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಪ್ಲಾಸ್ಮಾ ಚಪ್ಪಟೆಯೂ ಆಗಿತ್ತು, ಸಿನಿಮಾ ಪ್ರಿಯರ ಮೆಚ್ಚಿನದೂ ಆಗಿತ್ತು. ಪಯೋನಿಯರ್ ತನ್ನ ಅತ್ಯುತ್ತಮ ಪ್ಲಾಸ್ಮಾಗೆ ‘ಕುರೋ’ ಎಂದು ಹೆಸರಿಟ್ಟಿತು, ಜಪಾನಿ ಭಾಷೆಯಲ್ಲಿ ಕಪ್ಪು ಎಂದರ್ಥ. ಅಷ್ಟು ಒಳ್ಳೆಯ ಕಪ್ಪು ತಯಾರಿಸಿದ ಕಂಪನಿ 2009ರಲ್ಲಿ ಟಿವಿ ವ್ಯವಹಾರವನ್ನೇ ಬಿಡುವುದಾಗಿ ಸಾರಿತು. ಪ್ಯಾನಸೋನಿಕ್ 2013ರಲ್ಲಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಪ್ಲಾಸ್ಮಾವನ್ನು ಚಿಕ್ಕದಾಗಿ ಮಾಡುವುದು ಕಷ್ಟ, ಟ್ಯೂಬನ್ನು ದೊಡ್ಡದಾಗಿ ಮಾಡುವುದು ಕಷ್ಟ. ಎಲ್‌ಸಿಡಿ ಮೊಬೈಲಿನಿಂದ ಹಿಡಿದು ಗೋಡೆಯವರೆಗೆ ಎಲ್ಲ ಅಳತೆಗೂ ಒಗ್ಗಿತು. ಲ್ಯಾಪ್‌ಟಾಪಿನಲ್ಲಿ ಬಂದ ಲಾಭ ಟಿವಿಯ ಕಾರ್ಖಾನೆ ಕಟ್ಟಿತು.

ಆ ಕಾರ್ಖಾನೆಯೊಳಗಿನ ಕೆಲಸ ದರ್ಜಿಯದು. ಬಟ್ಟೆಯ ಥಾನಿನ ಬದಲು ದೊಡ್ಡ ಗಾಜಿನ ಹಾಳೆ. ಹಾಳೆಯ ಮೇಲೆಯೇ ಪರದೆಗಳನ್ನು ಮುದ್ರಿಸಿದಂತೆ ಮೂಡಿಸಿ, ಆಮೇಲೆ ಕತ್ತರಿಸುತ್ತಾರೆ. ಹಾಳೆ ದೊಡ್ಡದಾದಷ್ಟೂ ಒಂದೊಂದು ಪರದೆಯ ಖರ್ಚು ಇಳಿಯುತ್ತದೆ. 2.2 ಮೀಟರ್ ಅಗಲ, 2.5 ಮೀಟರ್ ಉದ್ದದ ಹಾಳೆಯಲ್ಲಿ 55 ಇಂಚಿನ ಆರು ಪರದೆಗಳು ಚೆನ್ನಾಗಿ ಕೂರುತ್ತವೆ. 65 ಇಂಚಿನವು ಮೂರೇ ಹಿಡಿಸಿ ಗಾಜು ವ್ಯರ್ಥವಾಗುತ್ತದೆ. ಅದಕ್ಕೇ ಬಹುಕಾಲ 55 ಕೈಗೆಟುಕಿ, 65 ಎಟುಕದೆ ಉಳಿಯಿತು. 2018ರಲ್ಲಿ ಚೀನಾದ ಬಿಒಇ ಹೆಫೆಯಲ್ಲಿ 2.94 ಮೀಟರ್ ಅಗಲ, 3.37 ಮೀಟರ್ ಉದ್ದದ ಹಾಳೆಗಳನ್ನು ಬಳಸತೊಡಗಿತು. ಅದರಲ್ಲಿ 65 ಇಂಚಿನವು ಎಂಟು, 75 ಇಂಚಿನವು ಆರು. ನಾಶಿಕದ ಅಂಗಡಿಯಲ್ಲಾಗಲಿ ಹುಬ್ಬಳ್ಳಿಯ ಅಂಗಡಿಯಲ್ಲಾಗಲಿ ಗೋಡೆಯ ಮೇಲೆ ಸಾಲಾಗಿ ಕಾಣುವ ಅಳತೆಗಳ ಹಿಂದೆ ನಮ್ಮ ನಡುಮನೆಯ ಅಳತೆಯಿಲ್ಲ, ಈ ಹಾಳೆಯ ಅಳತೆಯಿದೆ.

ಇನ್ನು ಅಂಗಡಿಯ ಮಾತಿಗೆ ಬಂದರೆ, ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಬೇಕು. ‘ಎಲ್‌ಇಡಿ ಟಿವಿ’ ಎಂದು ಮಾರುವುದು ಎಲ್‌ಸಿಡಿಯನ್ನೇ, ಹಿಂದಿನ ದೀಪ ಮಾತ್ರ ಎಲ್‌ಇಡಿ. ‘ಕ್ಯೂಎಲ್‌ಇಡಿ’ಯೂ ಎಲ್‌ಸಿಡಿಯೇ, ನಡುವೆ ಬಣ್ಣ ತಿಳಿಗೊಳಿಸುವ ಕ್ವಾಂಟಮ್ ಡಾಟ್‌ಗಳ ಪದರ ಇರುತ್ತದೆ. ‘ಮಿನಿ ಎಲ್‌ಇಡಿ’ ಕೂಡ ಅದೇ ಮನೆತನ: ಹಿಂದೆ ಸಾವಿರಾರು ಚಿಕ್ಕ ದೀಪಗಳು, ಕತ್ತಲಿರುವ ಜಾಗದ ದೀಪವನ್ನು ಮಂದ ಮಾಡಿ ಸೋರಿಕೆ ತಗ್ಗಿಸುತ್ತವೆ. ಎಲ್ಲವೂ ಫಾಲ್ಕೆಯವರ ಪ್ರೊಜೆಕ್ಟರಿನ ವಂಶ. ಒಎಲ್‌ಇಡಿ ಒಂದೇ ಬೇರೆ. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿದು ತಾನೇ ಆರುತ್ತದೆ. ಗುಣದಲ್ಲಿ ಅದು ಹಳೆಯ ಟ್ಯೂಬಿನ ಮೊಮ್ಮಗ. ಒಂದಕ್ಷರ ಆಚೀಚೆಯಾದರೆ ವಂಶವೇ ಬೇರೆಯಾಗುವಂತೆ ಹೆಸರಿಟ್ಟ ಜಾಣತನವನ್ನು ವ್ಯಾಪಾರದ ಭಾಷೆಯಲ್ಲೇ ಕಾಣಬೇಕು.

ಹಗಲು ಬಿಸಿಲು ಬೀಳುವ ಹಜಾರದಲ್ಲಿ, ದಿನವಿಡೀ ಸುದ್ದಿ ಚಾನೆಲ್ ಹಚ್ಚಿಡುವ ಮನೆಗಳಲ್ಲಿ ಒಎಲ್‌ಇಡಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಮೂಲೆಯಲ್ಲಿ ಅಲುಗದೆ ನಿಂತ ಚಾನೆಲ್ ಗುರುತು ವರ್ಷಾನುಗಟ್ಟಲೆ ಉರಿದರೆ ಆ ಚುಕ್ಕೆಗಳು ಬೇಗ ಸವೆದು ಕಲೆ ಉಳಿಯಬಹುದು. ಅಲ್ಲಿ ಪ್ರಖರವಾದ ಮಿನಿ ಎಲ್‌ಇಡಿ ಲೇಸು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಒಎಲ್‌ಇಡಿಯ ಕಪ್ಪಿಗೆ ಸಾಟಿಯಿಲ್ಲ. ಅಳತೆಯ ವಿಷಯದಲ್ಲಿ ಒಂದೇ ಮಾತು: 55 ಇಂಚಿನ ಪರದೆಯಿಂದ ಹತ್ತು ಅಡಿ ದೂರ ಕೂತರೆ ಫುಲ್ ಎಚ್‌ಡಿಗೂ 4ಕೆಗೂ ಇರುವ ಸೂಕ್ಷ್ಮತೆಯ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಹೆಚ್ಚೇನೂ ಕಾಣುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ದೊಡ್ಡದಕ್ಕೆ ಕೈ ಹಾಕುವವರು ಇದನ್ನು ಮನೆಯಲ್ಲಿ ಟೇಪು ಹಿಡಿದು ನೋಡಿ ಹೋಗುವುದು ವಾಸಿ.

ವಿಡಿಯೋಕಾನ್ ಟ್ಯೂಬೊಂದರಿಂದಲೇ ಮುಳುಗಿತೆನ್ನುವುದು ಸರಿಯಲ್ಲ. ತೈಲ, ಟೆಲಿಕಾಂ, ಡಿಟಿಎಚ್ ಎಂದು ಸಾಲ ಎಲ್ಲ ದಿಕ್ಕಿಗೂ ಹರಡಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ 2ಜಿ ಪರವಾನಗಿಗಳಲ್ಲಿ ಅದರವೂ ಇದ್ದವು. 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಸಮೂಹದ 13 ಕಂಪನಿಗಳ ಮೇಲೆ ಒಪ್ಪಿತವಾದ ಸಾಲದ ಹಕ್ಕು 64,000 ಕೋಟಿ ರೂಪಾಯಿಗೂ ಹೆಚ್ಚು. 2021ರ ಜೂನ್‌ನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಿದ ಟ್ವಿನ್ ಸ್ಟಾರ್ ಟೆಕ್ನಾಲಜೀಸ್‌ನ ಕೊಡುಗೆ 2,962 ಕೋಟಿ, ನೂರಕ್ಕೆ ಐದು ರೂಪಾಯಿಯೂ ಅಲ್ಲ. 2022ರ ಜನವರಿಯಲ್ಲಿ ಮೇಲ್ಮನವಿ ಮಂಡಳಿ ಅದನ್ನೂ ತಳ್ಳಿಹಾಕಿತು. ಟ್ವಿನ್ ಸ್ಟಾರ್ ವೇದಾಂತ ಸಮೂಹಕ್ಕೆ ಸೇರಿದ್ದು. ಮಹಾರಾಷ್ಟ್ರದಲ್ಲಿ ಎಲ್‌ಸಿಡಿ ಪ್ಯಾನೆಲ್ ಕಾರ್ಖಾನೆ ಕಟ್ಟುವುದಾಗಿ 2016ರಲ್ಲಿ ಘೋಷಿಸಿದ್ದೂ ಇದೇ ಸಮೂಹ. ಆ ಕಾರ್ಖಾನೆ ಬರಲಿಲ್ಲ. ಇಲ್ಲಿ ಜೋಡಿಸುವ ಟಿವಿಗಳ ಪರದೆ ಈಗಲೂ ಹೊರಗಿನಿಂದಲೇ ಬರುತ್ತದೆ.

ಗೆದ್ದವರೂ ನೆಮ್ಮದಿಯಾಗಿಲ್ಲ. ಸ್ಯಾಮ್‌ಸಂಗ್ 2022ರಲ್ಲಿ ಎಲ್‌ಸಿಡಿ ಪ್ಯಾನೆಲ್ ತಯಾರಿಕೆಯಿಂದ ಹೊರಬಂತು. ಶಾರ್ಪ್ ಜಪಾನಿನ ಸಕಾಯ್‌ನ ತನ್ನ ದೊಡ್ಡ ಟಿವಿ ಪ್ಯಾನೆಲ್ ಕಾರ್ಖಾನೆಯನ್ನು 2024ರಲ್ಲಿ ನಿಲ್ಲಿಸಿತು. ಎಲ್‌ಜಿ ಗುವಾಂಗ್‌ಝೌನ ತನ್ನ ಎಲ್‌ಸಿಡಿ ಘಟಕವನ್ನು ಚೀನಾದ ಟಿಸಿಎಲ್ ಬಳಗಕ್ಕೆ ಮಾರಿತು, ಥಾಮ್ಸನ್ ಮಾರಿದಂತೆಯೇ. ಕೊಂಡವರಿಗೆ ಈ ಸಲ ಏನಾಗುವುದೋ ಕಾಲ ನೋಡಬೇಕು.

ಹಳೆಯ ಟ್ಯೂಬ್‌ಗಳು ಗುಜರಿಗೆ ಸೇರಿದವು. ಗುಜರಿಯವರು ಕತ್ತಿನ ಸುತ್ತಲಿನ ತಾಮ್ರದ ಸುರುಳಿ ಬಿಚ್ಚಿಕೊಳ್ಳುತ್ತಾರೆ, ಬೋರ್ಡು ಕಿತ್ತುಕೊಳ್ಳುತ್ತಾರೆ, ಗಾಜನ್ನು ಬಿಡುತ್ತಾರೆ. ಎಕ್ಸ್-ಕಿರಣ ಹೊರಬೀಳದಂತೆ ತಡೆಯಲು ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಸೀಸದ ಆಕ್ಸೈಡ್ ಬೆರೆಸಿರುತ್ತಿದ್ದರು. ಬಾಟಲಿ ಮಾಡುವವರು ಅದನ್ನು ಮುಟ್ಟುವಂತಿಲ್ಲ. ಹಿಂದೆ ಅದಕ್ಕೆ ಒಂದೇ ದೊಡ್ಡ ಗಿರಾಕಿ ಇದ್ದದ್ದು, ಹಳೆಯ ಗಾಜನ್ನು ಕರಗಿಸಿ ಹೊಸ ಟ್ಯೂಬ್ ಎರಕ ಹೊಯ್ಯುತ್ತಿದ್ದ ಕಾರ್ಖಾನೆ.